ಅರ್ಧ ಪ್ರದಕ್ಷಿಣೆ

ಅರವತ್ತೆರಡು ವರ್ಷದ ಒಬ್ಬ ನಿವೃತ್ತ ಟೀಚರಮ್ಮನನ್ನು ಕಂಡು ನಾನು ಹೊಟ್ಟೆ ಉರಿಸಿಕೊಂಡೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಿದರೆ ನನ್ನ ಮರ್ಯಾದೆಯೇನೂ ಹೆಚ್ಚಾಗುವುದಿಲ್ಲ. ಆಕೆ ನನ್ನ ಅನ್ನಕ್ಕೆ ಕಲ್ಲು ಹಾಕಲಿಲ್ಲ, ನನ್ನ ಬಗ್ಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಒಂದು ಮರದ ಸ್ಟೂಲಿನ ಮೇಲೆ ಕೂತರು, ಅಷ್ಟೇ. ಆದರೆ ಆ ಸ್ಟೂಲು ನನ್ನದಾಗಿತ್ತು.

ಕೊಪ್ಪದ ಬಸ್ ಸ್ಟ್ಯಾಂಡಿನ ಎದುರು, ಕ್ಷೌರದಂಗಡಿಯ ಮೇಲಿನ ಮಹಡಿಯಲ್ಲಿ ರಘುಪತಿಯ ಡಿಟಿಪಿ ಅಂಗಡಿ. ಅವನೂ ನಾನೂ ಶೃಂಗೇರಿಯಲ್ಲಿ ಒಟ್ಟಿಗೆ ಓದಿದವರು. ಅಂಗಡಿ ತೆಗೆದ ವಾರವೇ ಅವನು ನನ್ನನ್ನು ಕರೆಸಿಕೊಂಡ. ಮದುವೆ ಕಾಗದ, ಉಪನಯನದ ಕಾಗದ, ಸೊಸೈಟಿಯ ವಾರ್ಷಿಕ ವರದಿ, ಯಾರೋ ತೀರಿಕೊಂಡರೆ ಕಪ್ಪು ಅಂಚಿನ ಕಾರ್ಡು. ನಾನು ಟೈಪು ಮಾಡಿ ಪ್ರೂಫ್ ನೋಡುವುದು, ಅವನು ಪುಟ ಕಟ್ಟಿ ಗಣಪತಿಯನ್ನೋ ಶಾರದೆಯನ್ನೋ ಮೇಲೆ ಕೂರಿಸುವುದು. ಸಂಜೆ ಐದೂವರೆಗೆ ಪ್ರಿಂಟರ್ ಆರಿಸುತ್ತಿದ್ದೆವು. ಆಮೇಲಿನ ಒಂದೂವರೆ ಗಂಟೆ ನಮ್ಮದು, ಆಟದ್ದು.

ಆಟ ಒಂದು ಕಂಪ್ಯೂಟರ್ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿಡಿಯಲ್ಲಿತ್ತು. ಅದಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರು, ನಾವು ಬರೀ ಕೋಟೆ ಎನ್ನುತ್ತಿದ್ದೆವು. ಹಳೇ ಕಾಲದ ಒಂದು ಕೋಟೆ, ಅದರೊಳಗೆ ನೀವು. ನಿಮಗೆ ನಿಮ್ಮ ಮೈ ಕಾಣುವುದಿಲ್ಲ. ಪರದೆಯ ಕೆಳಗೆ ಗದೆ ಹಿಡಿದ ಒಂದು ಕೈ ಮಾತ್ರ ಕಾಣುತ್ತದೆ, ಅದು ನಿಮ್ಮದೇ ಕೈ ಎಂದು ಹತ್ತು ನಿಮಿಷದಲ್ಲಿ ನಂಬಿಬಿಡುತ್ತೀರಿ. ತೊಂಬತ್ತೊಂಬತ್ತರಲ್ಲಿ ನಮಗೆ ಸಿಕ್ಕಿದಾಗಲೇ ಅದು ಹಳೆಯದಾಗಿತ್ತು. ಹತ್ತಿರ ಹೋದರೆ ರಾಕ್ಷಸನ ಮುಖ ಒಡೆದು ಚೌಕ ಚೌಕ ತುಂಡಾಗುತ್ತಿತ್ತು. ಎರಡು ಸಾವಿರದ ನಾಲ್ಕರ ಹೊತ್ತಿಗೆ ಪಕ್ಕದ ಸೈಬರ್ ಸೆಂಟರಿನಲ್ಲಿ ಬೈಕ್ ರೇಸು, ಬಂದೂಕಿನ ಆಟ ಎಲ್ಲ ಬಂದಿದ್ದವು, ಬಣ್ಣ ನೋಡಿದರೆ ಸಿನಿಮಾ. ನಮಗೆ ಅವು ಒಂದು ದಿನಕ್ಕೇ ಸಾಕಾಗಿಹೋದವು.

ಏಕೆಂದರೆ ನಮ್ಮ ಕೋಟೆ ಏನನ್ನೂ ಹೇಳುತ್ತಿರಲಿಲ್ಲ. ಒಂದು ಸನ್ನೆಗೋಲು ಎಳೆದರೆ ಎಲ್ಲೋ ದೂರದಲ್ಲಿ ಕಲ್ಲಿಗೆ ಕಲ್ಲು ಉಜ್ಜಿದ ಸದ್ದು ಬರುತ್ತಿತ್ತು. ಯಾವ ಬಾಗಿಲು, ಎಲ್ಲಿ, ಯಾರಿಗೆ ಗೊತ್ತು? ಹುಡುಕಬೇಕು. ಹಿಂದೆ ನೋಡಿದ ಹಜಾರಗಳಿಗೆಲ್ಲ ಮತ್ತೆ ಹೋಗಬೇಕು. ಗೋಡೆಗಳ ಆಚೆ ಗಾಳಿ ಬೀಸುತ್ತಿತ್ತು, ಯಾರೂ ಬಾರಿಸದ ಒಂದು ಗಂಟೆ ಆಗಾಗ ಕೇಳುತ್ತಿತ್ತು. ಮೂರು ದಿನ ಹುಡುಕಿ ಆ ಬಾಗಿಲು ಸಿಕ್ಕಿದಾಗ ರಘುಪತಿ ನನ್ನ ಬೆನ್ನಿಗೆ ಒಂದು ಏಟು ಹಾಕುತ್ತಿದ್ದ. ಆ ಏಟಿನ ಆಸೆಗೇ ನಾನು ಎಷ್ಟೋ ಸಲ ಬಾಗಿಲು ಹುಡುಕಿದ್ದೇನೆ.

ಆಟ ಒಬ್ಬನಿಗೆ ಮಾಡಿದ್ದು. ನಾವು ಇಬ್ಬರು ಆಡುತ್ತಿದ್ದೆವು. ನಡೆಯುವುದಕ್ಕೆ ಕೀಬೋರ್ಡು, ನೋಡುವುದಕ್ಕೆ ಹೊಡೆಯುವುದಕ್ಕೆ ಮೌಸು. ಎರಡನ್ನೂ ಒಟ್ಟಿಗೆ ಹಿಡಿದರೆ ರಘುಪತಿಗೆ ತಲೆ ತಿರುಗಿ ವಾಂತಿ ಬರುವಂತಾಗುತ್ತಿತ್ತು. ನಾನು ಮೌಸು ಹಿಡಿದರೆ ಎದುರಿಗೆ ನಿಂತವನನ್ನು ಬಿಟ್ಟು ಕಂಬಕ್ಕೆ ಹೊಡೆಯುತ್ತಿದ್ದೆ. ಹಾಗಾಗಿ ಮೊದಲ ವಾರವೇ ಪಾಲು ಮಾಡಿಕೊಂಡೆವು. ನಾನು ಎಡಗಡೆ ಸ್ಟೂಲಿನಲ್ಲಿ ಕೂತು ಕೀಲಿ ಒತ್ತಿ ನಡೆಸುವುದು, ಅವನು ಬಲಗಡೆ ಕುರ್ಚಿಯಲ್ಲಿ ಕೂತು ಮೌಸು ಹಿಡಿದು ನೋಡುವುದು. ನಾನು ಕಾಲು, ಅವನು ಕಣ್ಣು ಮತ್ತು ಕೈ. ಮೊದಮೊದಲು ಅವನು ಒಂದು ಕಡೆ ನೋಡಿದರೆ ನಾನು ಇನ್ನೊಂದು ಕಡೆ ನಡೆದು ಗೋಡೆಗೆ ಬಡಿಯುತ್ತಿದ್ದೆವು. ವರ್ಷ ಕಳೆಯುವಷ್ಟರಲ್ಲಿ ಮಾತೇ ಬೇಕಿರಲಿಲ್ಲ. ಅವನ ಉಸಿರು ಬಿಗಿಯಾದರೆ ನಾನು ಹಿಂದೆ ಸರಿಯುತ್ತಿದ್ದೆ. ಅವನ ಭುಜ ಮುಂದೆ ಬಂದರೆ ಓಡುತ್ತಿದ್ದೆ. ಇಬ್ಬರು ಸೇರಿ ಒಬ್ಬ ಮನುಷ್ಯನಾಗುವುದು ಎಂದರೆ ಏನು ಎಂದು ನನಗೆ ಗೊತ್ತಾದದ್ದು ಅಲ್ಲಿ. ಮದುವೆಯಾದ ಮೇಲೂ ಅಷ್ಟು ಗೊತ್ತಾಗಿರಲಿಲ್ಲ, ಭಾರ್ಗವಿ ಕ್ಷಮಿಸಬೇಕು.

ರಘುಪತಿಯದು ಒಂದೇ ಕಟ್ಟುನಿಟ್ಟು. ಯಾರನ್ನೂ ಕೇಳಬಾರದು, ಇಂಟರ್ನೆಟ್ಟಿನಲ್ಲಿ ನೋಡಬಾರದು, ಗೊತ್ತಿದ್ದವನು ಹೇಳಬಾರದು. "ಹೇಳಿಸಿಕೊಂಡ್ರೆ ಮುಗೀತು ಮಾರಾಯ, ಮತ್ತೆ ಅದು ಆಟ ಅಲ್ಲ, ಪರೀಕ್ಷೆಗೆ ಗೈಡ್ ಓದಿದ ಹಾಗೆ," ಎನ್ನುತ್ತಿದ್ದ.

ಆಟ ನಿಲ್ಲಿಸಿದ ಜಾಗವನ್ನು ಉಳಿಸಿಡಲು ಆರು ಖಾನೆಗಳಿದ್ದವು. ಪ್ರತಿಯೊಂದಕ್ಕೂ ಹೆಸರು ಕೊಡಬೇಕು. ಬಸ್ಸಿನ ದಾರಿಯ ಹೆಸರು ಇಡೋಣ ಎಂದವನು ನಾನು. ಕೋಟೆಯ ಹೆಬ್ಬಾಗಿಲು ಕೊಪ್ಪ. ಸೇತುವೆ ದಾಟಿದ ಮೇಲೆ ಹರಿಹರಪುರ. ದೊಡ್ಡ ಪುಸ್ತಕದ ಕೋಣೆ ಶೃಂಗೇರಿ, ಅದಕ್ಕೆ ಬೇರೆ ಹೆಸರೇ ಹೊಂದುತ್ತಿರಲಿಲ್ಲ. ಆಮೇಲೆ ಕಿಗ್ಗ. ಅದರಾಚೆ ಸಿರಿಮನೆ, ಅಲ್ಲಿಗೆ ದಾರಿ ಮುಗಿಯಿತು, ಮುಂದೆ ಜಲಪಾತವೇ. ಆರನೆಯದು ಎನ್.ಆರ್.ಪುರ. ಅದು ಈ ದಾರಿಯಲ್ಲೇ ಇಲ್ಲವಲ್ಲ, ಹಾಗಾಗಿ ಗಡಿಬಿಡಿಯಲ್ಲಿ ಉಳಿಸುವುದಕ್ಕೆ ಅದನ್ನು ಇಟ್ಟುಕೊಂಡಿದ್ದೆವು.

ಸಿರಿಮನೆಯಲ್ಲಿ ನಾವು ಸಿಕ್ಕಿಬಿದ್ದೆವು. ಒಂದು ವರ್ಷ ಎರಡು ತಿಂಗಳು.

ಅದೊಂದು ದುಂಡನೆಯ ಹಜಾರ. ನಡುವೆ ಕಲ್ಲಿನ ಪೀಠ. ಪೀಠದ ಒಂದು ಬದಿಯಿಂದ ಹಸಿರು ದ್ರವ ಒಸರಿ, ಕಲ್ಲಿನ ದೋಣಿಯಲ್ಲಿ ಹರಿದು ಗೋಡೆಯೊಳಗೆ ಹೋಗುತ್ತಿತ್ತು. ಸುತ್ತ ಎಂಟು ಕಲ್ಲಿನ ಭಟರು. ಎದುರಿಗೆ ಕಬ್ಬಿಣದ ಬಾಗಿಲು. ಪೀಠದ ಸುತ್ತ ಒಂದು ಸುತ್ತು ಬಂದರೆ ಭಟರಿಗೆ ಜೀವ ಬರುತ್ತಿತ್ತು. ಎಂಟೂ ಜನರನ್ನು ಹೊಡೆದು ಬೀಳಿಸಿದರೂ ಬಾಗಿಲು ತೆರೆಯುತ್ತಿರಲಿಲ್ಲ. ಮತ್ತೆ ಸುತ್ತಿದರೆ ಮತ್ತೆ ಎಂಟು ಜನ. ಎಡದಿಂದ ಸುತ್ತಿದೆವು, ಬಲದಿಂದ ಸುತ್ತಿದೆವು, ಓಡಿದೆವು, ಹಾರಿದೆವು, ಪೀಠವನ್ನೇ ಗದೆಯಿಂದ ಚಚ್ಚಿದೆವು. ಆದರೂ ನಿಜ ಹೇಳಬೇಕೆಂದರೆ ನನಗೆ ಬೇಸರವಿರಲಿಲ್ಲ. ಬಾಗಿಲು ತೆರೆಯದಿದ್ದರೆ ನಾಳೆಯೂ ಐದೂವರೆಗೆ ನಾವಿಬ್ಬರು ಇಲ್ಲೇ ಇರುತ್ತೇವಲ್ಲ.

ಆ ಫೆಬ್ರವರಿಯಲ್ಲಿ ವನಜಮ್ಮ ಬಂದರು.

ಕಮ್ಮರಡಿಯವರು. ಊರಿನ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾದವರು. ಮದುವೆಮನೆಯಲ್ಲಿ ಹೇಳುವ ಹಾಡುಗಳನ್ನೆಲ್ಲ ಎರಡು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದರು. ಮೇ ತಿಂಗಳಲ್ಲಿ ಅವರ ತಮ್ಮನ ಮಗಳ ಮದುವೆ. ಅಲ್ಲಿ ಬಂದವರಿಗೆಲ್ಲ ಹಂಚಲು ಆ ಹಾಡುಗಳ ಪುಸ್ತಕ ಆಗಬೇಕಿತ್ತು. ತೆಳ್ಳನೆಯ ಮೈ, ದಪ್ಪ ಕನ್ನಡಕ, ಕೈಯಲ್ಲಿ ಕೆಂಪು ಪೆನ್ನು. ಮೊದಲ ಪ್ರೂಫ್ ನೋಡಲು ಬಂದ ದಿನ ಆರೂವರೆಯ ಬಸ್ಸಿಗೆ ಇನ್ನೂ ಹೊತ್ತಿತ್ತು.

"ನಿಮ್ಮ ಕೆಲಸ ಮಾಡಿಕೊಳ್ಳಿ, ನಾ ಇಲ್ಲೇ ಕೂತಿರ್ತೆ," ಎಂದು ಗೋಡೆಯ ಹತ್ತಿರದ ಬೆಂಚಿನಲ್ಲಿ ಕೂತರು.

ನಾವು ಸಿರಿಮನೆ ತೆರೆದೆವು. ಮಾಮೂಲಿನಂತೆ ಸುತ್ತಿದೆವು. ಮಾಮೂಲಿನಂತೆ ಎಂಟು ಜನ ಎದ್ದು ಬಂದು ನಮ್ಮನ್ನು ಕೊಂದರು. ಹಿಂದಿನಿಂದ ಧ್ವನಿ ಬಂತು.

"ಎಂತ ಮಾಣಿ ಅದು? ದೇವಸ್ಥಾನದೊಳಗೆ ಹೊಡೆದಾಟ?"

"ದೇವಸ್ಥಾನ ಅಲ್ಲ ಟೀಚರ್, ರಾಕ್ಷಸನ ಕೋಟೆ," ಎಂದೆ ನಾನು, ಸ್ವಲ್ಪ ಒರಟಾಗಿಯೇ.

"ನಡುವೆ ಪೀಠ ಉಂಟು, ಬದಿಗೆ ದೋಣಿ ಉಂಟು, ತೀರ್ಥ ಹರೀತಾ ಉಂಟು. ಮತ್ತೆ ದೇವಸ್ಥಾನ ಅಲ್ದೆ ಎಂತದು?"

"ತೀರ್ಥ ಹಸಿರು ಇರತ್ತಾ?"

"ಅಷ್ಟೊಂದು ಬಿಲ್ಪತ್ರೆ ಹಾಕಿದ್ರೆ ಹಸಿರಾಗ್ದೆ ಇರತ್ತಾ?" ಎಂದು ಅವರು ಎದ್ದು ಬಂದು ನಮ್ಮ ನಡುವೆ ತಲೆ ತೂರಿಸಿದರು. "ಈಶ್ವರನ ಗುಡಿ ಇದು. ನೀವು ದೋಣಿ ದಾಟ್ತಾ ಇದ್ದೀರಿ. ದಾಟ್ತಾರಾ ಯಾರಾದ್ರೂ? ಅದಕ್ಕೇ ಅವರಿಗೆಲ್ಲ ಸಿಟ್ಟು ಬಂದದ್ದು. ದೋಣಿವರೆಗೆ ಹೋಗಿ ತಿರುಗಿ ಬಾ. ಮೂರು ಸಲ."

ರಘುಪತಿ ನಗುತ್ತಾ ನನ್ನ ಕಡೆ ನೋಡಿದ. "ನಡಿ ಮಾರಾಯ, ಟೀಚರು ಹೇಳಿದ್ಮೇಲೆ ಆಯ್ತು."

"ತಡಿ ತಡಿ. ಈ ಮನುಷ್ಯ ಚಪ್ಪಲಿ ಹಾಕ್ಕೊಂಡಿದ್ದಾನಾ?"

"ಕಾಲು ಕಾಣೂದಿಲ್ಲ ಟೀಚರ್ ಇದರಲ್ಲಿ."

"ಕಾಣದಿದ್ರೆ ಅಡ್ಡಿಲ್ಲ."

ನಾನು ನಡೆಸಿದೆ. ಆಕೆಯ ಮಾತಿಗೆ, ನನ್ನ ಬೆರಳಿನಿಂದ. ಪೀಠವನ್ನು ಬಲಕ್ಕೆ ಇಟ್ಟುಕೊಂಡು ದೋಣಿಯವರೆಗೆ ಹೋದೆ, ನಿಂತೆ, ಬಂದ ದಾರಿಯಲ್ಲೇ ಹಿಂದಕ್ಕೆ ಬಂದೆ. ಭಟರು ಅಲುಗಲಿಲ್ಲ. ಎರಡನೇ ಸಲ ವಾಪಸು ಬರುವಾಗ ಕಾಲಡಿಯ ಚಪ್ಪಡಿ ಒಂದೊಂದೇ ಕುಸಿದ ಸದ್ದು ಕೇಳಿತು. ಮೂರನೇ ಸಲ ಮುಗಿದದ್ದೇ ಕಬ್ಬಿಣದ ಬಾಗಿಲು ಕಿರುಗುಟ್ಟುತ್ತಾ ಮೇಲೆದ್ದಿತು.

ರಘುಪತಿ ಕೂಗಿದ ಕೂಗಿಗೆ ಕೆಳಗಿನಿಂದ ಕ್ಷೌರದ ಜಟ್ಟಪ್ಪ ಕತ್ತರಿ ಹಿಡಿದುಕೊಂಡೇ ಮೇಲೆ ಓಡಿಬಂದ. ನಾನು ಬೆನ್ನು ಬಿಗಿಹಿಡಿದು ಕಾದೆ. ಏಟು ಬೀಳಲಿಲ್ಲ. ಅವನು ಎದ್ದು ನಿಂತು ವನಜಮ್ಮನಿಗೆ ಎರಡೂ ಕೈ ಮುಗಿಯುತ್ತಿದ್ದ.

ನನಗೆ ಅಲ್ಲಿಂದ ಎದ್ದು ಹೋಗಬೇಕು ಅನಿಸಿತು. ಗೆದ್ದದ್ದಕ್ಕೆ ಒಂದು ಚೂರೂ ಸಂತೋಷವಿರಲಿಲ್ಲ. ನಮ್ಮಪ್ಪ ಕಿಗ್ಗದ ಹತ್ತಿರ ಒಂದು ಈಶ್ವರನ ಗುಡಿಯಲ್ಲಿ ಪೂಜೆ ಮಾಡುತ್ತಿದ್ದವರು. ಐದು ವರ್ಷದವನಿದ್ದಾಗ ಅಭಿಷೇಕದ ದೋಣಿ ದಾಟಿದ್ದಕ್ಕೆ ನನ್ನ ಮೀನಖಂಡಕ್ಕೆ ಅವರು ಬಾರಿಸಿದ್ದು ಈಗಲೂ ನೆನಪಿದೆ. ಈಗಲೂ ಆ ಗುಡಿಗೆ ಹೋದರೆ ಅರ್ಧಕ್ಕೆ ಹೋಗಿ ತಿರುಗುತ್ತೇನೆ. ಕೋಟೆಯಲ್ಲಿ ಹದಿನಾಲ್ಕು ತಿಂಗಳು ದಿನಾ ಆ ದೋಣಿ ದಾಟಿದೆ. ಅದು ಹೊರದೇಶದವರ ಆಟ, ಅಲ್ಲಿ ನನ್ನ ಕಾಲಿಗೆ ಗೊತ್ತಿದ್ದದ್ದು ನಡೆಯುವುದಿಲ್ಲ ಎಂದುಕೊಂಡಿದ್ದೆ. ಆಕೆಗೆ ಅದು ಯಾವ ದೇಶದ್ದು ಎನ್ನುವುದೇ ಗೊತ್ತಿರಲಿಲ್ಲ. ತಪ್ಪು ತಿಳಿದುಕೊಂಡೇ ಸರಿಯಾದ ದಾರಿಯಲ್ಲಿ ನಡೆದರು. ನಾನು ತಿಳಿದವನಂತೆ ನಡೆದು ಕೆಟ್ಟೆ.

ಬಾಗಿಲ ಆಚೆ ಇನ್ನೂ ಕೋಣೆಗಳಿದ್ದವು. ದಾರಿ ಮುಗಿದಿರಲಿಲ್ಲ.

ಮೂರು ದಿನ ಬಿಟ್ಟು ಎರಡನೇ ಪ್ರೂಫಿಗೆ ವನಜಮ್ಮ ಬಂದರು. ಆ ಸಲ ಬೆಂಚಿನಲ್ಲಿ ಕೂರಲಿಲ್ಲ, ನನ್ನ ಸ್ಟೂಲಿನ ಹಿಂದೆಯೇ ನಿಂತರು. ಎಡಕ್ಕೆ ಹೋಗು, ಆ ದೀಪದ ಹತ್ತಿರ ಹೋಗು, ಆ ಬಾವಿಯಲ್ಲಿ ಬಗ್ಗಿ ನೋಡು. ನೂರು ಮಕ್ಕಳನ್ನು ಸಾಲಾಗಿ ನಡೆಸಿದ ಧ್ವನಿ ಅದು, ಬೆರಳು ತಾನಾಗಿ ಕೇಳುತ್ತಿತ್ತು. ಬೇಕಂತಲೇ ಎರಡು ಸಲ ತಪ್ಪು ಕಡೆ ನಡೆಸಿದೆ. ಎರಡೂ ಸಲ ಸತ್ತೆವು.

"ನಿನಗೆ ಇವತ್ತು ಏನಾಗಿದೆ ದತ್ತ?" ಎಂದ ರಘುಪತಿ. ಆಮೇಲೆ ಆಕೆಯ ಕಡೆ ತಿರುಗಿ, ಬಹಳ ಸಹಜವಾಗಿ, "ಟೀಚರ್, ನೀವೇ ಕೂತುಕೊಳ್ಳಿ ಒಂದು ಸಲ," ಎಂದ.

"ನಂಗೆ ಇದೆಲ್ಲ ಬತ್ತಿಲ್ಲೆ ಮಾಣಿ."

"ಹಾರ್ಮೋನಿಯಂ ಬರತ್ತಲ್ಲ ನಿಮಗೆ. ನಾಲ್ಕೇ ಕೀಲಿ ಇದು."

ನಾನು ಎದ್ದೆ. ಏಳದೆ ಏನು ಮಾಡುವುದು? ದೊಡ್ಡವರು ನಿಂತಿರುವಾಗ ಕೂತಿರುವುದು ಹೇಗೆ? ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತರು. ಹಾರ್ಮೋನಿಯಂ ನುಡಿಸಿದ ಬೆರಳುಗಳು ಒಂದು ಗಳಿಗೆ ತಡವರಿಸಿ, ಆಮೇಲೆ ಮೆತ್ತಗೆ, ಒಂದು ಕೀಲಿ ಬಿಡುವ ಮೊದಲೇ ಇನ್ನೊಂದನ್ನು ಹಿಡಿದು ನಡೆದವು. ನಾನು ನಡೆಸಿದರೆ ಆ ಮನುಷ್ಯ ಹೆಜ್ಜೆ ಹೆಜ್ಜೆಗೂ ಎಡವುತ್ತಿದ್ದ. ಆಕೆಯ ಕೈಯಲ್ಲಿ ಅವನು ತೇಲಿಕೊಂಡು ಹೋದ. ರಘುಪತಿಯ ಭುಜ ಮುಂದೆ ಬಂತು. ಆಕೆ ಓಡಿದರು. ನನಗೆ ಒಂದು ವರ್ಷ ಹಿಡಿದದ್ದು ಆಕೆಗೆ ಅರ್ಧ ಗಂಟೆಯಲ್ಲಿ ಬಂತು. ನಾನು ಪ್ರಿಂಟರಿನ ಪಕ್ಕ ನಿಂತು ಕಾಗದದ ಅಂಚು ಸರಿಮಾಡುತ್ತಿದ್ದೆ. ಅಂಚು ಆಗಲೇ ಸರಿಯಾಗಿತ್ತು.

ಆಮೇಲಿಂದ ವಾರಕ್ಕೆ ಎರಡು ಸಲ. ಬುಧವಾರ, ಶನಿವಾರ. ಆ ದಿನಗಳಲ್ಲಿ ರಘುಪತಿ ಐದು ಗಂಟೆಗೇ ಕಿಟಕಿಯಲ್ಲಿ ಬಗ್ಗಿ ಕಮ್ಮರಡಿ ಕಡೆಯ ಬಸ್ಸು ಬಂತಾ ಎಂದು ನೋಡುತ್ತಿದ್ದ. ಆಕೆ ಬರುವಾಗ ಕೋಡುಬಳೆಯ ಡಬ್ಬಿ ತರುತ್ತಿದ್ದರು, ಮೊದಲು ನನಗೇ ಕೊಡುತ್ತಿದ್ದರು. ಕೋಡುಬಳೆ ಚೆನ್ನಾಗಿರುತ್ತಿತ್ತು, ಅದಕ್ಕೂ ಸಿಟ್ಟು ಬರುತ್ತಿತ್ತು. ಉಳಿದ ದಿನ ನಾನು ಸ್ಟೂಲಿನಲ್ಲಿ ಕೂತರೆ ರಘುಪತಿ, "ಇವತ್ತು ಮುಂದೆ ಹೋಗೂದು ಬೇಡ, ಟೀಚರು ಬರ್ಲಿ. ಹಳೇದೇ ಯಾವ್ದಾದ್ರೂ ಆಡಣ," ಎನ್ನುತ್ತಿದ್ದ. ನನ್ನ ಜೊತೆ ಹರಿಹರಪುರ, ಆಕೆಯ ಜೊತೆ ಸಿರಿಮನೆ.

ಪುಸ್ತಕ ಮುಗಿದರೆ ಆಕೆ ಬರುವುದು ನಿಲ್ಲುತ್ತದೆ ಎಂದು ನನಗೆ ಹೊಳೆಯಿತು. ಆ ಎಂಬತ್ತು ಪುಟಗಳ ಮೇಲೆ ನಾನು ಬಿದ್ದೆ. ಜೀವಮಾನದಲ್ಲಿ ಅಷ್ಟು ಶ್ರದ್ಧೆಯಿಂದ ಪ್ರೂಫ್ ನೋಡಿಲ್ಲ. ಊಟದ ಹೊತ್ತಿನಲ್ಲೂ ನೋಡಿದೆ. ಮಾರ್ಚ್ ಮುಗಿಯುವಷ್ಟರಲ್ಲಿ ಒಂದು ತಪ್ಪೂ ಇಲ್ಲದ ಪ್ರತಿ ತಯಾರಾಯಿತು, ಬೇಕಾದರೆ ಪ್ರಮಾಣ ಮಾಡುತ್ತೇನೆ.

ಬುಧವಾರ ವನಜಮ್ಮ ಬಂದರು. ಕೆಂಪು ಪೆನ್ನು ತೆಗೆದರು. "ಇಗೋ, ಇಲ್ಲಿ ಆರತಿ ಅರತಿ ಆಗಿದೆ," ಎಂದರು. ಪುಟ ತಿರುಗಿಸಿದರು. "ಬೀಗರು ಬಿಗರು ಆಗಿದ್ದಾರೆ." ಒಟ್ಟು ಹನ್ನೊಂದು ತಪ್ಪು. "ಬೇಜಾರಿಲ್ಲ ದತ್ತ, ಕಣ್ಣು ತಪ್ತದೆ. ಶನಿವಾರ ಮತ್ತೆ ಬತ್ತೆ," ಎಂದು ಖುಷಿಯಿಂದ ಹೇಳುತ್ತಾ ಸ್ಟೂಲಿನ ಕಡೆ ಆಗಲೇ ನಡೆಯುತ್ತಿದ್ದರು.

ನಾನು ಆ ಹಾಳೆಗಳನ್ನು ನೋಡುತ್ತಾ ಕೂತೆ. ಟೈಪು ಮಾಡುವವನ ಬೆರಳು ಎಲ್ಲಿ ಜಾರುತ್ತದೆ ಎಂದು ನನಗೆ ಗೊತ್ತು. ಪಕ್ಕದ ಕೀಲಿಗೆ ಜಾರುತ್ತದೆ, ಒತ್ತಕ್ಷರ ಬಿಟ್ಟುಹೋಗುತ್ತದೆ, ಒಂದು ಪದ ಎರಡು ಸಲ ಬೀಳುತ್ತದೆ. ಹನ್ನೊಂದು ಕಡೆಯೂ ದೀರ್ಘವನ್ನು ಹ್ರಸ್ವ ಮಾಡುವುದು ಜಾರಿದ ಬೆರಳಲ್ಲ. ಅದು ಕೂತು ಮಾಡಿದ್ದು. ಅಂಗಡಿಯಲ್ಲಿ ಇರುವುದು ನಾವಿಬ್ಬರೇ, ನಾನು ಮಾಡಿಲ್ಲ. ಆಕೆ ಇನ್ನೊಂದು ಶನಿವಾರ ಬರಲಿ ಎಂದು ರಘುಪತಿ ನನ್ನ ಕೆಲಸವನ್ನು ಕೆಡಿಸಿದ್ದ. ನನ್ನನ್ನು ಉಳಿಸಿಕೊಳ್ಳಲು ಅವನು ಎಂದಾದರೂ ಒಂದು ದೀರ್ಘವನ್ನು ಅಳಿಸಿದ್ದನೇ? ನನಗೆ ಅಳು ಬಂತು. ಮೂವತ್ತೆರಡು ವರ್ಷದ ಗಂಡಸು, ಮದುವೆಮನೆ ಹಾಡಿನ ಪ್ರೂಫ್ ಹಿಡಿದುಕೊಂಡು.

ಮನೆಯಲ್ಲಿ ಭಾರ್ಗವಿಗೆ ಹೇಳಿದೆ, ತಪ್ಪುಗಳ ವಿಷಯ ಮಾತ್ರ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ, "ನಿಮಗೆ ಆ ಟೀಚರಮ್ಮನ ಮೇಲೆ ಹೊಟ್ಟೆಕಿಚ್ಚು," ಎಂದಳು.

"ಅವರು ನನ್ನ ಅಮ್ಮನ ವಯಸ್ಸಿನವರು ಮಾರಾಯ್ತಿ."

"ಹೌದಲ್ಲ? ಅದಕ್ಕೇ ನಂಗೆ ನಗು ಬಂದದ್ದು."

ಮರುದಿನ ಗುರುವಾರ. ರಘುಪತಿ ಮಧ್ಯಾಹ್ನ ಊಟಕ್ಕೆ ಮನೆಗೆ ಹೋದ. ಕರೆಂಟು ಒಮ್ಮೆ ಹೋಗಿ ಬಂತು. ಕಂಪ್ಯೂಟರ್ ಮತ್ತೆ ಶುರುವಾಗುವುದನ್ನು ನೋಡುತ್ತಾ ನಿಂತವನಿಗೆ ದಾರಿ ಕಂಡಿತು. ಕೋಟೆ ತೆರೆದೆ. ಹೊಸ ಆಟ ಶುರುಮಾಡಿದೆ. ಮೊದಲ ಕೋಣೆಯಲ್ಲಿ, ಮುಚ್ಚಿದ ಮೊದಲ ಬಾಗಿಲ ಮುಂದೆ ನಿಂತೆ. ಅಲ್ಲಿ ನಿಂತೇ, ಹಳೆಯದು ಅಳಿಸಿಹೋಗುವಂತೆ, ಮೊದಲ ಖಾನೆಯಲ್ಲಿ ಉಳಿಸಿದೆ. ಎರಡನೆಯದರಲ್ಲಿ ಉಳಿಸಿದೆ. ಹೆಸರುಗಳನ್ನು ಮುಟ್ಟಲಿಲ್ಲ. ಹರಿಹರಪುರ, ಶೃಂಗೇರಿ, ಕಿಗ್ಗ. ಸಿರಿಮನೆಗೆ ಬಂದಾಗ ಬೆರಳು ಸ್ವಲ್ಪ ನಿಂತಿತು. ಅದು ನನ್ನ ಐದು ವರ್ಷವೂ ಹೌದು. ಆಮೇಲೆ ಒತ್ತಿದೆ. ಎನ್.ಆರ್.ಪುರವನ್ನೂ ಬಿಡಲಿಲ್ಲ.

ನನ್ನ ಲೆಕ್ಕಾಚಾರ ಇಷ್ಟು. ದಾರಿಯೇ ಇಲ್ಲದಿದ್ದರೆ ಆಕೆ ಎಲ್ಲಿ ನಡೆಯುತ್ತಾರೆ? ರಘುಪತಿ ಒಂದೆರಡು ದಿನ ಬೇಜಾರು ಮಾಡಿಕೊಳ್ಳುತ್ತಾನೆ. ಆಮೇಲೆ ಒಂದು ಸಂಜೆ ನಾನೇ, "ಹೋಗ್ಲಿ ಬಿಡು, ಮೊದಲಿಂದ ಆಡಣ," ಎನ್ನುತ್ತೇನೆ. ನಾನು ಕಾಲು, ಅವನು ಕಣ್ಣು. ಕೊಪ್ಪದಿಂದ ಮತ್ತೆ ಹೊರಡುತ್ತೇವೆ, ಮತ್ತೆ ಐದು ವರ್ಷ. ಗುರುವಾರ, ಶುಕ್ರವಾರ ಅವನು ಆಟ ತೆರೆಯಲೇ ಇಲ್ಲ. ಶನಿವಾರಕ್ಕೆ ಕಾಯುತ್ತಿದ್ದ.

ಶನಿವಾರ ವನಜಮ್ಮ ಬಂದರು. ಕೋಡುಬಳೆ ಕೊಟ್ಟರು. ಮೇಜಿನ ಮೇಲಿದ್ದ ಪ್ರೂಫನ್ನು, ಕೆಂಪು ಗುರುತಿನ ಹಳೆಯದರ ಸಮೇತ, ನನ್ನ ಕೈಗಿಟ್ಟು, "ಆಮೇಲೆ ನೋಡ್ತೆ," ಎಂದು ಸ್ಟೂಲಿನಲ್ಲಿ ಕೂತರು. ರಘುಪತಿ ಸಿರಿಮನೆ ಒತ್ತಿದ. ಮೊದಲ ಕೋಣೆ ಬಂತು. ಕಿಗ್ಗ ಒತ್ತಿದ. ಮೊದಲ ಕೋಣೆ. ಆರನ್ನೂ ಒತ್ತಿ ನೋಡಿದ. ಆರು ಸಲವೂ ಅದೇ ಬಾಗಿಲು.

"ಗುರುವಾರ ಕರೆಂಟು ಹೋಗಿ ಬಂತಲ್ಲ," ಎಂದೆ ನಾನು. ಯಾರೂ ಕೇಳಿರಲಿಲ್ಲ.

ರಘುಪತಿ ತಿರುಗಿ ನನ್ನನ್ನು ನೋಡಿದ. ಬೈದಿದ್ದರೆ ಒಳ್ಳೆಯದಿತ್ತು. "ಕರೆಂಟು ಆರೂ ಊರನ್ನ ತಂದು ಒಂದೇ ಬಾಗಿಲಿಗೆ ನಿಲ್ಸತ್ತಾ ಮಾರಾಯ?" ಎಂದ, ಮೆಲ್ಲಗೆ. ನನ್ನ ಕೈಯಲ್ಲಿ ಪ್ರೂಫಿತ್ತು. ಅದರಲ್ಲಿ ಅವನದೂ ಹನ್ನೊಂದು ತಪ್ಪಿದ್ದವು. ಅವನ ಕಣ್ಣು ಅದರ ಮೇಲೆ ಹೋಯಿತು, ಮತ್ತೆ ನನ್ನ ಮುಖಕ್ಕೆ ಬಂತು. ನಾನು ಹಾಳೆಗಳನ್ನು ಮಡಚಿ ಹಿಡಿದುಕೊಂಡೆ. ಅವನು ಪರದೆಯ ಕಡೆ ತಿರುಗಿದ.

ಇದು ಯಾವುದೂ ವನಜಮ್ಮನಿಗೆ ಗೊತ್ತಿರಲಿಲ್ಲ. ಅವರು ಕನ್ನಡಕ ಸರಿಮಾಡಿಕೊಂಡು ಪರದೆಗೆ ಮುಖ ಹತ್ತಿರ ತಂದಿದ್ದರು.

"ಇದೆಂತ ಜಾಗ ರಘು? ಇದನ್ನ ನಾ ನೋಡೇ ಇಲ್ಲೆ."

"ಇದು ಶುರು ಟೀಚರ್. ಕೊಪ್ಪ. ಎಲ್ಲ ಹೋಯ್ತು, ಮೊದಲಿಂದ ಬರಬೇಕು."

"ಶುರುವಾ!" ಎಂದರು ಅವರು. ಮುಖ ಅರಳಿಬಿಟ್ಟಿತು. "ನಾ ಕೊನೆಗೆ ಬಂದು ಸೇರಿದವಳು. ಇದಕ್ಕೂ ಮೊದಲು ಎಂತ ಇತ್ತು, ಎಂತ ಇತ್ತು ಅಂತ ನಂಗೆ ಎಷ್ಟು ಆಸೆ ಇತ್ತು ಗೊತ್ತುಂಟಾ? ಕೇಳಿದ್ರೆ ನೀವು ಹೇಳೂದಿಲ್ಲ ಅಂತ ಸುಮ್ಮನಿದ್ದೆ. ಪುಸ್ತಕ ಮುಗಿದ್ರೂ ನಾ ಬತ್ತೆ ಮಾಣಿ. ಎಲ್ಲ ನೋಡ್ಬೇಕು."

ರಘುಪತಿಯ ಮುಖದಲ್ಲಿದ್ದ ಗಂಟು ನಿಧಾನವಾಗಿ ಬಿಚ್ಚಿಕೊಂಡದ್ದನ್ನು ನಾನು ನೋಡಿದೆ. ಅವನು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡ.

ನಾನು ಒಂದು ಹೆಜ್ಜೆ ಮುಂದೆ ಬಂದೆ. "ಮೊದಲನೆ ಕೋಣೆ ನಾನೇ ದಾಟಿಸಿಕೊಡ್ತೀನಿ," ಎಂದೆ.

"ಬೇಡ ದತ್ತ," ಎಂದ ರಘುಪತಿ. ಅದರಲ್ಲಿ ಸಿಟ್ಟಿರಲಿಲ್ಲ. "ನಿಂಗೆ ಎಲ್ಲ ಗೊತ್ತು. ಅವರಿಗೆ ಏನೂ ಗೊತ್ತಿಲ್ಲ. ಅವರು ನಡೀಲಿ."

ಆಗ ನನಗೆ ಅರ್ಥವಾಯಿತು. ನಾನು ಉರಿದುಕೊಂಡದ್ದು ಆಕೆಗೆ ಗೊತ್ತಿದ್ದುದಕ್ಕೆ ಅಲ್ಲ, ಆಕೆಗೆ ಗೊತ್ತಿಲ್ಲದ್ದಕ್ಕೆ. ಆ ಕೋಟೆಯಲ್ಲಿ ಇದ್ದ ಒಂದೇ ಒಂದು ಒಳ್ಳೆಯ ಪದಾರ್ಥ ಅದು, ಬಾಗಿಲ ಹಿಂದೆ ಏನಿದೆ ಎಂದು ಗೊತ್ತಿಲ್ಲದಿರುವುದು. ನನ್ನ ಪಾಲಿನದನ್ನು ನಾನು ಎಂದೋ ತಿಂದು ಮುಗಿಸಿದ್ದೆ. ಆಕೆಗೆ ಸಿಕ್ಕಿದ್ದು ಸಿರಿಮನೆಯಾಚೆಯ ನಾಲ್ಕಾರು ಕೋಣೆ ಮಾತ್ರ, ಇನ್ನೊಂದು ತಿಂಗಳಲ್ಲಿ ಅದೂ ಮುಗಿಯುತ್ತಿತ್ತೇನೋ. ಉಳಿದದ್ದನ್ನೆಲ್ಲ, ಕೊಪ್ಪದಿಂದ ಸಿರಿಮನೆಯವರೆಗೆ, ಗುರುವಾರ ಮಧ್ಯಾಹ್ನ ನಾನೇ ಕೈಯಾರೆ ಕೊಟ್ಟಿದ್ದೆ.

ಆಕೆ ಬಾಗಿಲ ಹತ್ತಿರ ನಡೆದರು. ನಿಂತರು. ತಿರುಗಿ ನನ್ನನ್ನು ನೋಡಿದರು.

"ಇದರ ಹಿಂದೆ ಎಂತ ಉಂಟು ದತ್ತ? ಒಂಚೂರು ಹೇಳು ಮಾರಾಯ, ನಂಗೆ ಹೆದರಿಕೆ ಆಗ್ತದೆ."

ಆ ಬಾಗಿಲ ಹಿಂದೆ ಎಂತ ಉಂಟೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಾಗಿಲು ತೆರೆದು ಮೂರು ಹೆಜ್ಜೆ ಇಟ್ಟರೆ ಮಾಡಿನಿಂದ ರೆಕ್ಕೆಯ ಒಂದು ಪ್ರಾಣಿ ಬಲಗಡೆಗೆ ದೊಪ್ಪನೆ ಬೀಳುತ್ತದೆ. ತೊಂಬತ್ತೊಂಬತ್ತರಲ್ಲಿ ಅದು ಬಿದ್ದಾಗ ರಘುಪತಿ ಮೌಸು ಎಸೆದು ನನ್ನನ್ನು ತಬ್ಬಿಕೊಂಡಿದ್ದ. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಬಾಯಿ ತೆರೆದೆ.

"ಹೇಳ್ಬೇಡ," ಎಂದ ರಘುಪತಿ, ಪರದೆಯಿಂದ ಕಣ್ಣು ತೆಗೆಯದೆ.

ಬಾಗಿಲು ತೆರೆಯಿತು. ಆಕೆ ಮೂರು ಹೆಜ್ಜೆ ಇಟ್ಟರು. ಆಕೆ ಕಿರುಚಿದರು, ಅವನೂ ಕಿರುಚಿದ, ಮೌಸು ಟೇಬಲ್ಲಿನಿಂದ ಕೆಳಗೆ ಬಿತ್ತು. ಕೆಳಗಿನಿಂದ ಜಟ್ಟಪ್ಪ ಎಂತ ಆಯ್ತು ಎಂದು ಕೂಗಿದ. ಆಕೆ ರಘುಪತಿಯ ತೋಳು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಐದು ವರ್ಷ ಅದೇ ಬಾಗಿಲಿನಿಂದ ಹೋಗಿ ಬಂದಿದ್ದ ರಘುಪತಿಯೂ ಹೊಸಬನಂತೆಯೇ ಬೆಚ್ಚಿಬಿದ್ದಿದ್ದ.

ನಾನೊಬ್ಬ ಬೆಚ್ಚಲಿಲ್ಲ.